ಬಸ್ ಗೇಮ್ ಚಾನೆಲ್: 15 ತಿಂಗಳಾದರೂ 212 ಜನ ಮಾತ್ರ, ಎಲ್ಲಿ ತಪ್ಪುತ್ತಿದ್ದೇನೆ?

ಘಾಟಿ ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕು, ಯಡೂರಿನಿಂದ ಮೂರು ಕಿಲೋಮೀಟರ್ ಒಳಗೆ. ವಯಸ್ಸು 22. ಡಿಗ್ರಿ ಮುಗಿಸಿ ಮನೆಯಲ್ಲೇ ಇದ್ದೇನೆ, ಅಪ್ಪಯ್ಯನ ಜೊತೆ ತೋಟ ನೋಡಿಕೊಳ್ಳುತ್ತೇನೆ.

15 ತಿಂಗಳ ಹಿಂದೆ ಯೂಟ್ಯೂಬ್‌ನಲ್ಲಿ ಗೇಮಿಂಗ್ ಚಾನೆಲ್ ಶುರು ಮಾಡಿದೆ. ಯೂರೋ ಟ್ರಕ್ ಸಿಮ್ಯುಲೇಟರ್ 2 ಆಡುತ್ತೇನೆ. ಅದಕ್ಕೆ ಬಸ್ಸಿನ ಮಾಡ್ (ಗೇಮಿಗೆ ಹೊರಗಿನಿಂದ ಸೇರಿಸುವ ಫೈಲ್) ಹಾಕಿ, ನಮ್ಮ ಕಡೆಯ ಪ್ರೈವೇಟ್ ಬಸ್ಸಿನ ಹಾಗೆ ಬಣ್ಣ, ಬೋರ್ಡು ಎಲ್ಲ ನಾನೇ ಮಾಡಿಕೊಂಡಿದ್ದೇನೆ. ಒಂದು ಬಸ್ಸಿನ ಬಣ್ಣ ಸರಿ ಬರಲು ನಾಲ್ಕು ರಾತ್ರಿ ಬೇಕಾಯಿತು. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್, 24,000 ರೂಪಾಯಿ, ಅಡಿಕೆ ಸುಲಿದ ದುಡ್ಡಿನಲ್ಲಿ ತೆಗೆದುಕೊಂಡದ್ದು. ಮೈಕ್ ಅಂದರೆ ಇಯರ್‌ಫೋನಿನ ಮೈಕೇ.

ಇಲ್ಲಿಯವರೆಗೆ 63 ವಿಡಿಯೊ, 18 ಶಾರ್ಟ್ಸ್ (ಚಿಕ್ಕ ವಿಡಿಯೊ). ಸಬ್‌ಸ್ಕ್ರೈಬರ್ 212. ವಿಡಿಯೊಗಳಿಗೆ 30–40 ವ್ಯೂ ಬರುತ್ತದೆ, ಒಂದಕ್ಕೆ ಮಾತ್ರ 340 ಬಂತು. ಒಂದು ಶಾರ್ಟ್ಸ್ 9,000 ಓಡಿತು. ಆದರೆ ಅದರಿಂದ ಬಂದವರು 11 ಜನ. ಸರಾಸರಿ ಜನ ನೋಡುವುದು 1 ನಿಮಿಷ 10 ಸೆಕೆಂಡ್. ಕ್ಲಿಕ್ ರೇಟ್ (ವಿಡಿಯೊ ಕಣ್ಣಿಗೆ ಬಿದ್ದಾಗ ಒತ್ತಿ ನೋಡುವವರ ಪ್ರಮಾಣ) ಶೇ. 2.1. ಕಾಮೆಂಟ್ ಅಂತೂ ಇಲ್ಲವೇ ಇಲ್ಲ.

ಮಳೆಗಾಲದಲ್ಲಿ ಇನ್ನೂ ಕಷ್ಟ. ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದು 12 ದಿನ ಏನೂ ಹಾಕಲು ಆಗಲಿಲ್ಲ. ಎರಡು ಸಲ ರೆಕಾರ್ಡ್ ಆಗುವಾಗಲೇ ಕರೆಂಟ್ ಹೋಗಿ ಇಡೀ ಫೈಲ್ ಹಾಳಾಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದೆ.

ನನ್ನ ಪ್ರಶ್ನೆ ಮೂರು. ಕನ್ನಡ ಬಿಟ್ಟು ಹಿಂದಿಯಲ್ಲಿ ಮಾತಾಡಬೇಕಾ? ಬೇರೆ ಗೇಮ್‌ಗೆ ಹೋಗಬೇಕಾ? ಒಂದು ವಾಟ್ಸಾಪ್ ಗ್ರೂಪ್‌ನವರು "ನೀನು ನಮಗೆ ಸಬ್‌ಸ್ಕ್ರೈಬ್ ಮಾಡು, ನಾವು ನಿನಗೆ ಮಾಡುತ್ತೇವೆ" ಎಂದು ಕರೆಯುತ್ತಿದ್ದಾರೆ, ಸೇರಲಾ? ದುಡ್ಡು ಈಗಲೇ ಬರಬೇಕು ಅಂತ ಇಲ್ಲ. ರಾತ್ರಿ ಕೂತು ಮಾಡಿದ್ದನ್ನು ಯಾರಾದರೂ ಕೊನೆತನಕ ನೋಡಬೇಕು, ಅಷ್ಟೇ.

ತುಂಗಾ ತೀರ (ಶಿವಮೊಗ್ಗ) ಉತ್ತರ:

ಬ್ರೋ, ನನಗೆ ಅನ್ನಿಸುವುದು ಹೇಳುತ್ತೇನೆ. ಟ್ರಕ್ ಗೇಮ್ ನೋಡುವವರು ಕಡಿಮೆ. ಬಿಜಿಎಂಐ (ಪಬ್‌ಜಿ ಮೊಬೈಲ್ ಗೇಮಿನ ಭಾರತದ ರೂಪ) ಆಡು, ನಮ್ಮ ಹಾಸ್ಟೆಲಿನಲ್ಲಿ ಎಲ್ಲರೂ ಅದನ್ನೇ ನೋಡುವುದು. ಹಿಂದಿ ಬಂದರೆ ಇಡೀ ದೇಶ ಸಿಗುತ್ತದೆ. ಗ್ರೂಪಿಗೆ ಸೇರಿದರೆ 1,000 ಸಬ್‌ಸ್ಕ್ರೈಬರ್ ಬೇಗ ಆಗುತ್ತದೆ, ಆಮೇಲೆ ಜನ ತಾನಾಗಿ ಬರುತ್ತಾರೆ. ಆಲ್ ದ ಬೆಸ್ಟ್.

ಹೆಂಚಿನ ಮನೆ (ಸಾಗರ) ಉತ್ತರ:

ತಮ್ಮಾ, ನಿನ್ನೆ ಮಕ್ಕಳು ಮಲಗಿದ ಮೇಲೆ ಕೂತು ನಿನ್ನ ಏಳು ವಿಡಿಯೊ ನೋಡಿದೆ. ಎರಡನ್ನು ಪೂರ್ತಿ ನೋಡಿದೆ. ನಾನು ಕೆಲವು ವರ್ಷದಿಂದ ಮೈನ್‌ಕ್ರಾಫ್ಟ್ (ಚೌಕ ತುಂಡು ಜೋಡಿಸಿ ಮನೆ, ಊರು ಕಟ್ಟುವ ಗೇಮ್) ಚಾನೆಲ್ ನಡೆಸುತ್ತಿದ್ದೇನೆ, ಕನ್ನಡದಲ್ಲೇ. ಈಗ 18,000 ಜನ ಇದ್ದಾರೆ. ದೊಡ್ಡ ಚಾನೆಲ್ ಅಲ್ಲ. ಆದರೆ 200ರಿಂದ 2,000 ಆಗುವ ದಾರಿ ನನಗೆ ಇನ್ನೂ ಚೆನ್ನಾಗಿ ನೆನಪಿದೆ.

ಮೊದಲು ಒಂದು ತುರ್ತು ವಿಷಯ. ಕಾಮೆಂಟ್ ಬರುವುದೇ ಇಲ್ಲ ಅಂದೆಯಲ್ಲ, ನಿನ್ನ ವಿಡಿಯೊಗಳ ಕೆಳಗೆ ಕಾಮೆಂಟ್ ಹಾಕುವ ಜಾಗವೇ ಇಲ್ಲ! ನೀನು ಅಪ್‌ಲೋಡ್ ಮಾಡುವಾಗ "ಮಕ್ಕಳಿಗಾಗಿ ಮಾಡಿದ್ದು" ಎಂದು ಗುರುತು ಹಾಕಿದ್ದೀಯ ಅನ್ನಿಸುತ್ತದೆ. ಮಕ್ಕಳೂ ನೋಡಬಹುದು ಎನ್ನುವ ಅರ್ಥದಲ್ಲಿ ಹಾಕಿರಬೇಕು. ಅದರ ಅರ್ಥ ಅದಲ್ಲ. ಹಾಗೆ ಗುರುತು ಹಾಕಿದರೆ ಕಾಮೆಂಟ್ ಮುಚ್ಚುತ್ತದೆ, ಬೆಲ್ ಒತ್ತಿದವರಿಗೆ ನೋಟಿಫಿಕೇಶನ್ ಹೋಗುವುದಿಲ್ಲ, ಪ್ಲೇಲಿಸ್ಟಿಗೆ ಸೇರಿಸಲೂ ಆಗುವುದಿಲ್ಲ. ನಿನ್ನ ವಿಡಿಯೊ ದೊಡ್ಡವರು, ಕಾಲೇಜು ಹುಡುಗರು ನೋಡುವಂಥದ್ದು. ಇವತ್ತೇ ಯೂಟ್ಯೂಬ್ ಸ್ಟುಡಿಯೊಗೆ (ಚಾನೆಲ್ ನಡೆಸುವವರ ಪುಟ) ಹೋಗಿ ಬದಲಾಯಿಸು. ಮುಂದಿನ ಮಾತು ಅದಾದ ಮೇಲೆ ಓದಿದರೂ ಆಯಿತು.

ಆ ವಾಟ್ಸಾಪ್ ಗ್ರೂಪಿಗೆ ದಯವಿಟ್ಟು ಹೋಗಬೇಡ. ಅದು ಯೂಟ್ಯೂಬ್ ನಿಯಮಕ್ಕೆ ವಿರುದ್ಧ, ಅದು ಒಂದು. ಇನ್ನೊಂದು, ಅಲ್ಲಿಂದ ಬಂದ ಯಾರೂ ನಿನ್ನ ವಿಡಿಯೊ ನೋಡುವುದಿಲ್ಲ. ಹೊಸ ವಿಡಿಯೊವನ್ನು ಅವರ ಮುಂದೆ ಇಟ್ಟರೆ ಅವರು ಮುಟ್ಟುವುದಿಲ್ಲ. ಯೂಟ್ಯೂಬ್ ಅದನ್ನು ನೋಡಿ "ಇದು ಯಾರಿಗೂ ಬೇಡ" ಅಂದುಕೊಳ್ಳುತ್ತದೆ. 212 ನಿಜವಾದ ಜನ ಇದ್ದಾರೆ ನಿನಗೆ. ನಮ್ಮ ಸಾಗರದ ಒಂದು ಮದುವೆ ಹಾಲ್ ತುಂಬುವಷ್ಟು.

ಗೇಮ್ ಬದಲಾಯಿಸುವ ಬಗ್ಗೆ. ತುಂಗಾ ತೀರ ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ನಾನು ಅದೇ ದಾರಿಯಲ್ಲಿ ಹೋಗಿ ಬಿದ್ದವಳು. ಮೊದಲು ನನ್ನದು ಪಬ್‌ಜಿ ಮೊಬೈಲ್ ಚಾನೆಲ್ ಆಗಿತ್ತು. 4,000 ಜನ ಇದ್ದರು. 2020ರ ಸೆಪ್ಟೆಂಬರ್ 2ರಂದು ಆ ಗೇಮ್ ನಿಷೇಧ ಆಯಿತು. ಒಂದು ತಿಂಗಳಲ್ಲಿ ನನ್ನ ವ್ಯೂ 50ಕ್ಕೆ ಇಳಿಯಿತು. ಅವತ್ತು ತುಂಬ ಅತ್ತಿದ್ದೆ. 2021ರ ಜುಲೈನಲ್ಲಿ ಬಿಜಿಎಂಐ ಬಂತು, 2022ರ ಜುಲೈನಲ್ಲಿ ಅದೂ ಹೋಯಿತು, 2023ರ ಮೇನಲ್ಲಿ ಮತ್ತೆ ಬಂತು. ಅಷ್ಟರಲ್ಲಿ ನನಗೆ ಒಂದು ವಿಷಯ ಗೊತ್ತಾಗಿತ್ತು. ಆ 4,000 ಜನ ಗೇಮಿಗೆ ಬಂದಿದ್ದರು, ನನ್ನ ಮನೆಗೆ ಬಂದಿರಲಿಲ್ಲ. ಆಮೇಲೆ ಮೈನ್‌ಕ್ರಾಫ್ಟಿನಲ್ಲಿ ನಮ್ಮ ಅಜ್ಜನ ಮನೆ ಕಟ್ಟಿದೆ. ಜಗಲಿ, ಅಟ್ಟ, ಒಳಅಂಗಳ, ಹಿತ್ತಿಲ ಬಚ್ಚಲು, ಎಲ್ಲ. ಕಟ್ಟುತ್ತಾ ಅಜ್ಜಿ ಹೇಳಿದ ಕಥೆಗಳನ್ನು ಹೇಳಿದೆ. ನೋಡಿದವರು ಮುಂದಿನ ವಾರವೂ ಬಂದರು. ಇಕ್ಕೇರಿ ದೇವಸ್ಥಾನ ಕಟ್ಟಲು ಎರಡು ತಿಂಗಳು ಹಿಡಿಯಿತು. ಆಗಲೂ ಅವರು ಕಾದರು.

ಈಗ ನಿನ್ನ ವಿಡಿಯೊಗೆ ಬರುತ್ತೇನೆ. 41ನೇ ವಿಡಿಯೊ ತೆಗಿ. ಮೊದಲ 2 ನಿಮಿಷ 20 ಸೆಕೆಂಡ್ ಲೋಡಿಂಗ್, ಗ್ಯಾರೇಜು, "ಹಾಯ್ ಫ್ರೆಂಡ್ಸ್, ವಾಯ್ಸ್ ಕೇಳ್ತಿದ್ಯಾ". ಜನ ಸರಾಸರಿ 1 ನಿಮಿಷ 10 ಸೆಕೆಂಡಿಗೆ ಹೋಗುತ್ತಾರೆ ಅಂದೆ. ಅಂದರೆ ಬಸ್ ಹೊರಡುವ ಮೊದಲೇ ಇಳಿದು ಹೋಗುತ್ತಿದ್ದಾರೆ. ಅವರಿಗೆ ನಿನ್ನ ಗೇಮ್ ಬೇಡ ಅಂತ ಹೇಗೆ ಹೇಳುತ್ತೀ? ಅವರು ನೋಡಿಯೇ ಇಲ್ಲ.

ಆದರೆ 18 ನಿಮಿಷ 40 ಸೆಕೆಂಡಿಗೆ ಒಂದು ಸಂಗತಿ ಇದೆ. ಆಸ್ಟ್ರಿಯಾದ ಬೆಟ್ಟದ ರಸ್ತೆ ಇಳಿಯುತ್ತಿದ್ದೀಯ. ಅಲ್ಲಿ ನೀನು ಸುಮ್ನೆ ಒಂದು ಮಾತು ಹೇಳಿದೆ. "ನಮ್ಮ ಅಪ್ಪಯ್ಯ ಹುಲಿಕಲ್ ಘಾಟಿ ಇಳಿಸುವಾಗ ಬ್ರೇಕ್ ಮೇಲೆ ಕಾಲೇ ಇಡ್ತಿರಲಿಲ್ಲ. ಹತ್ತಿದ ಗೇರಲ್ಲೇ ಇಳೀಬೇಕು ಅಂತಿದ್ರು." ಆಮೇಲೆ ಎರಡು ನಿಮಿಷ, ಬ್ರೇಕ್ ಒತ್ತಿಕೊಂಡೇ ಇಳಿದರೆ ಲೈನರ್ ಯಾಕೆ ಬಿಸಿಯಾಗುತ್ತದೆ, ಇಂಜಿನ್ ಹೇಗೆ ಗಾಡಿ ಹಿಡಿಯುತ್ತದೆ ಅಂತ ವಿವರಿಸಿದೆ. ನಿನ್ನ ದನಿಯೇ ಬೇರೆ ಆಗಿತ್ತು. "ಹಾಯ್ ಫ್ರೆಂಡ್ಸ್" ಹುಡುಗ ಅಲ್ಲಿ ಇರಲಿಲ್ಲ. ನಾನು ಮೊಬೈಲ್ ಕೆಳಗಿಡದೆ ನೋಡಿದೆ.

ಯಾವ ಕ್ಷಣದಲ್ಲಿ ಎಷ್ಟು ಜನ ನೋಡುತ್ತಿದ್ದರು ಎಂದು ತೋರಿಸುವ ಗ್ರಾಫ್ ಸ್ಟುಡಿಯೊದಲ್ಲಿ ಇದೆ. ಆ ವಿಡಿಯೊದ್ದು ತೆಗೆದು 18:40 ಹತ್ತಿರ ಏನಾಗಿದೆ ನೋಡಿ ಹೇಳು.

ಘಾಟಿ ಹುಡುಗ:

ಅಕ್ಕಾ, ಇಷ್ಟು ಹೊತ್ತು ಕೂತು ನೋಡಿದ್ದಕ್ಕೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಮಕ್ಕಳ ಗುರುತು ಎಲ್ಲ 63ರಲ್ಲೂ ಇತ್ತು. ತೆಗೆದೆ.

ಗ್ರಾಫ್ ನೋಡಿದೆ. ಮೊದಲ ನಿಮಿಷದಲ್ಲೇ ಪಾತಾಳಕ್ಕೆ ಇಳಿಯುತ್ತದೆ, ನೀವು ಹೇಳಿದ ಹಾಗೇ. ಆಮೇಲೆ ಸಪಾಟಾಗಿ ಹೋಗುತ್ತದೆ. 18:40ರಲ್ಲಿ ಮೇಲೆ ಎದ್ದಿದೆ! ಒಂದು ಸಣ್ಣ ಗುಡ್ಡದ ಹಾಗೆ. ಹಿಂದಕ್ಕೆ ಎಳೆದು ಮತ್ತೆ ನೋಡಿದ್ದಾರೆ ಅಂತ ಅರ್ಥ ಅಲ್ವಾ? ಇಷ್ಟು ದಿನ ಆ ಗ್ರಾಫನ್ನು ನಾನು ತೆರೆದೇ ಇರಲಿಲ್ಲ. ಬರೀ ಸಬ್‌ಸ್ಕ್ರೈಬರ್ ಸಂಖ್ಯೆ ನೋಡುತ್ತಿದ್ದೆ.

ಅಪ್ಪಯ್ಯ 22 ವರ್ಷ ತೀರ್ಥಹಳ್ಳಿ–ಕುಂದಾಪುರ ರೂಟಿನಲ್ಲಿ ಪ್ರೈವೇಟ್ ಬಸ್ ಡ್ರೈವರ್ ಆಗಿದ್ದರು. ಯಡೂರು, ಮಾಸ್ತಿಕಟ್ಟೆ, ಹುಲಿಕಲ್, ಹೊಸಂಗಡಿ, ಸಿದ್ದಾಪುರ. ಮಂಡಿ ನೋವು ಬಂದು ಬಿಟ್ಟರು. ನಾನು ಚಿಕ್ಕವನಿದ್ದಾಗ ಬಾನೆಟ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಆದರೆ ಅವರಿಗೆ ಗೇಮ್ ಅಂದರೆ ಅಷ್ಟಕ್ಕಷ್ಟೇ. ಅವರನ್ನು ವಿಡಿಯೊಗೆ ಕರೆಯುವುದು ಹೇಗೆ?

ಹೆಂಚಿನ ಮನೆ:

ಕರೆಯಬೇಡ. ವಿಡಿಯೊ ಅಂದರೆ ಯಾರಾದರೂ ಬಿಗಿಯಾಗುತ್ತಾರೆ. ಹತ್ತಿರ ಕೂರಿಸಿಕೊಂಡು ಘಾಟಿ ರಸ್ತೆ ಓಡಿಸು, ಒಂದು ತಿರುವಿನಲ್ಲಿ ಏನು ಮಾಡಬೇಕು ಅಂತ ನಿಜವಾಗಿ ಕೇಳು. ಗೊತ್ತಿರುವ ಕೆಲಸವನ್ನು ಮಗ ತಪ್ಪು ಮಾಡುವಾಗ ಯಾವ ಅಪ್ಪನೂ ಸುಮ್ಮನೆ ಇರುವುದಿಲ್ಲ. ರೆಕಾರ್ಡ್ ಆಗುತ್ತಿದೆ ಎಂದು ಮೊದಲೇ ಹೇಳಿರು. ಹಾಕುವ ಮುಂಚೆ ಅವರಿಗೆ ತೋರಿಸಿ ಕೇಳು. ಬೇಡ ಅಂದರೆ ಹಾಕಬೇಡ. ಅವರು ಹೇಳಿದ್ದನ್ನು ನೀನೇ ನಿನ್ನ ಬಾಯಲ್ಲಿ ಹೇಳಿದರೂ ನಡೆಯುತ್ತದೆ.

ವಿಡಿಯೊ 10–12 ನಿಮಿಷ ಸಾಕು. ಶುರುವಿನಲ್ಲೇ ಬಸ್ಸು ತಿರುವಿನಲ್ಲಿ ಇರಲಿ, ನಮಸ್ಕಾರ ಆಮೇಲೆ ಹೇಳು. ಹೆಸರಿನಲ್ಲಿ "ಭಾಗ 41" ಅನ್ನುವುದನ್ನು ಬಿಡು. ಹೊಸಬರಿಗೆ ಅದು "ನೀನು 40 ಭಾಗ ತಪ್ಪಿಸಿಕೊಂಡಿದ್ದೀಯ" ಎಂದು ಕೇಳಿಸುತ್ತದೆ. "ಘಾಟಿಯಲ್ಲಿ ಬಸ್ ಇಳಿಸುವುದು ಹೇಗೆ" ಅಂತ ಕನ್ನಡ ಅಕ್ಷರದಲ್ಲೇ ಬರೆ. ಗೇಮಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಪಕ್ಕಕ್ಕೆ ಹಾಕು. ಹುಡುಕುವವರು ಎರಡೂ ಥರ ಹುಡುಕುತ್ತಾರೆ.

ಥಂಬ್‌ನೇಲ್ (ವಿಡಿಯೊ ಒತ್ತುವ ಮೊದಲು ಕಾಣುವ ಚಿತ್ರ) ಮಾಡಿ ಮುಗಿದ ಮೇಲೆ ಮೊಬೈಲಿನಲ್ಲಿ ನೋಡು, ಹೆಬ್ಬೆರಳಿನಷ್ಟು ಗಾತ್ರದಲ್ಲಿ. ನಿನ್ನದರಲ್ಲಿ ಈಗ ಎಂಟು ಪದ, ಮೂರು ಬಾಣ, ಎರಡು ಬಸ್ ಇವೆ. ಒಂದು ಬಸ್, ಒಂದು ತಿರುವು ಸಾಕು. ಅರ್ಧದಷ್ಟು ಚಾನೆಲ್‌ಗಳ ಕ್ಲಿಕ್ ರೇಟ್ ಶೇ. 2ರಿಂದ 10ರ ನಡುವೆ ಇರುತ್ತದೆ ಎಂದು ಯೂಟ್ಯೂಬೇ ಹೇಳುತ್ತದೆ. ನೀನು ಆ ಸಾಲಿನ ಬಾಗಿಲಲ್ಲಿ ನಿಂತಿದ್ದೀಯ.

ಗೇಮಿನ ಒಳಗಿನ ರೇಡಿಯೊ ಆಫ್ ಮಾಡು. ಒಂದು ವಿಡಿಯೊದಲ್ಲಿ ಸಿನಿಮಾ ಹಾಡು ಕೇಳಿಸಿತು. ಅದಕ್ಕೆ ಕಾಪಿರೈಟ್ ಕ್ಲೇಮ್ ಬಂದರೆ ಆ ವಿಡಿಯೊದ ಜಾಹೀರಾತಿನ ಹಣ ಹಾಡಿನ ಮಾಲೀಕರಿಗೆ ಹೋಗಬಹುದು. ಬಸ್ಸಿನ ಸದ್ದೇ ಚೆನ್ನಾಗಿದೆ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಮುಂದೆ ಗೊಂದಲ ಬೇಡ. ಜಾಹೀರಾತಿನ ಹಣಕ್ಕೆ 1,000 ಸಬ್‌ಸ್ಕ್ರೈಬರ್, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ನೋಡಿರಬೇಕು. ಅಥವಾ 90 ದಿನದಲ್ಲಿ ಶಾರ್ಟ್ಸಿಗೆ 1 ಕೋಟಿ ವ್ಯೂ. ಶಾರ್ಟ್ಸ್ ಫೀಡಿನಲ್ಲಿ ನೋಡಿದ ಸಮಯ ಆ 4,000 ಗಂಟೆಗೆ ಸೇರುವುದಿಲ್ಲ. ಅದಕ್ಕೇ ನಿನ್ನ 9,000 ವ್ಯೂ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಶಾರ್ಟ್ಸ್ ಮಾಡುವುದಾದರೆ ದೊಡ್ಡ ವಿಡಿಯೊದ ಒಂದು ತಿರುವನ್ನು ಕತ್ತರಿಸಿ ಹಾಕಿ, ಅದರ ಜೊತೆ ದೊಡ್ಡ ವಿಡಿಯೊದ ಲಿಂಕ್ ಜೋಡಿಸು. ಅದಕ್ಕೆ ಅಲ್ಲೇ ಆಯ್ಕೆ ಇದೆ.

ಹಿಂದಿ ಬಗ್ಗೆ ಕೇಳಿದ್ದೆ. "ಹತ್ತಿದ ಗೇರಲ್ಲೇ ಇಳೀಬೇಕು" ಅನ್ನುವುದನ್ನು ಹಿಂದಿಯಲ್ಲಿ ಹೇಳಿ ನೋಡು. ನಿನಗೇ ಗೊತ್ತಾಗುತ್ತದೆ.

ಮಿಕ್ಸರ್ ರಿಪೇರಿ (ಶಿವಮೊಗ್ಗ) ಉತ್ತರ:

ಕರೆಂಟಿನ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ, ರಿಪೇರಿ ಹವ್ಯಾಸ.

ನೀವು ಒಬಿಎಸ್‌ನಲ್ಲಿ (ಸ್ಕ್ರೀನ್ ರೆಕಾರ್ಡ್ ಮಾಡುವ ಸಾಫ್ಟ್‌ವೇರ್) ರೆಕಾರ್ಡ್ ಮಾಡುತ್ತಿದ್ದರೆ ವಿಡಿಯೊ ಫೈಲಿನ ಫಾರ್ಮ್ಯಾಟ್ ಎಂಪಿ4 ಇಡಬೇಡಿ, ಎಂಕೆವಿ ಇಡಿ. ಸಾದಾ ಎಂಪಿ4 ನಡುವೆ ನಿಂತರೆ ಫೈಲ್ ತೆರೆಯುವುದೇ ಇಲ್ಲ. ಎಂಕೆವಿ ಆದರೆ ಕರೆಂಟ್ ಹೋಗುವ ತನಕ ಆದದ್ದು ಉಳಿಯುತ್ತದೆ. ಆಮೇಲೆ ಒಬಿಎಸ್‌ನ ಫೈಲ್ ಮೆನುವಿನಲ್ಲೇ ರಿಮಕ್ಸ್ ಅಂತ ಇದೆ, ಒಂದು ನಿಮಿಷದಲ್ಲಿ ಎಂಪಿ4 ಆಗುತ್ತದೆ. ನಿಮ್ಮ ಎರಡೂ ಫೈಲ್ ಹೀಗೆ ಉಳಿಯುತ್ತಿದ್ದವು. ಓದಿ ಬೇಜಾರಾಯಿತು.

ಅಪ್‌ಲೋಡ್ ಲೆಕ್ಕ. 1080ಪಿ, 30 ಫ್ರೇಮ್‌ಗೆ ಯೂಟ್ಯೂಬ್ ಕೇಳುವುದು 8 ಎಂಬಿಪಿಎಸ್ (ಸೆಕೆಂಡಿಗೆ 8 ಮೆಗಾಬಿಟ್). 12 ನಿಮಿಷದ ವಿಡಿಯೊ 720 ಎಂಬಿ ಆಗುತ್ತದೆ. 720ಪಿ ಮಾಡಿದರೆ 5 ಎಂಬಿಪಿಎಸ್, 450 ಎಂಬಿ. ನಿಮ್ಮಲ್ಲಿ ಅಪ್‌ಲೋಡ್ ವೇಗ 1 ಎಂಬಿಪಿಎಸ್ ಸಿಕ್ಕರೂ ಒಂದು ಗಂಟೆಯಲ್ಲಿ ಹೋಗುತ್ತದೆ. 40 ನಿಮಿಷದ ವಿಡಿಯೊ ಇಡೀ ರಾತ್ರಿ ತಿನ್ನುವುದು ಇದಕ್ಕೇ. ಬೇಸಿಗೆಯಲ್ಲಿ ನಾಲ್ಕೈದು ವಿಡಿಯೊ ಜಾಸ್ತಿ ಮಾಡಿ, ಅಪ್‌ಲೋಡ್ ಮಾಡಿ, ಮಳೆಗಾಲದ ವಾರಗಳಿಗೆ ಶೆಡ್ಯೂಲ್ ಇಟ್ಟುಬಿಡಿ. ಲೈನ್ ಮೇಲೆ ಮರ ಬಿದ್ದರೂ ಅದು ತನ್ನ ಪಾಡಿಗೆ ಹೊರಬರುತ್ತದೆ.

ದನಿ ಬಗ್ಗೆ. ಹೆಂಚಿನ ಮೇಲೆ ಮಳೆ ಬೀಳುವ ಸದ್ದು ನಿಮ್ಮ ಮಾತನ್ನು ನುಂಗುತ್ತಿದೆ. ಮನೆಯಲ್ಲಿ ಅಡಿಕೆ ಮೂಟೆ ಇಡುವ ಕೋಣೆ ಇದ್ದರೆ ಅಲ್ಲಿ ಕೂತು ರೆಕಾರ್ಡ್ ಮಾಡಿ. ತುಂಬಿದ ಮೂಟೆ ಗೋಡೆಯ ಪ್ರತಿಧ್ವನಿ ಕುಡಿಯುತ್ತದೆ. ಬೆನ್ನ ಹಿಂದೆ ಒಂದು ಕಂಬಳಿ ನೇತು ಹಾಕಿ. ಒಬಿಎಸ್‌ನಲ್ಲಿ ಮೈಕಿಗೆ ನಾಯ್ಸ್ ಸಪ್ರೆಶನ್ (ಹಿನ್ನೆಲೆ ಸದ್ದು ತಗ್ಗಿಸುವ) ಫಿಲ್ಟರ್ ಹಾಕಿ. ದುಡ್ಡು ಬಂದಾಗ ಮೊದಲು ಮೈಕ್ ತೆಗೆದುಕೊಳ್ಳಿ, ಲ್ಯಾಪ್‌ಟಾಪ್ ಆಮೇಲೆ. ಚಿತ್ರ ಸ್ವಲ್ಪ ಮಂಕಾಗಿದ್ದರೆ ಜನ ತಡೆದುಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಹೋಗಿಬಿಡುತ್ತಾರೆ.

ರಾತ್ರಿ ಬಸ್ (ಬೆಂಗಳೂರು) ಉತ್ತರ:

ನನ್ನದು ಮಾಸ್ತಿಕಟ್ಟೆ. ಬೆಂಗಳೂರಿಗೆ ಬಂದು ಒಂಬತ್ತು ವರ್ಷ. ಗೇಮ್ ಆಡುವುದಿಲ್ಲ. ಇದನ್ನು ಓದಿ 41ನೇ ವಿಡಿಯೊ ನೋಡಿದೆ. ಹುಲಿಕಲ್ ಚಂಡಿಕಾಂಬಾ ದೇವಸ್ಥಾನದ ಹತ್ತಿರ ಬಸ್ ನಿಲ್ಲಿಸಿ, ಕಾಣಿಕೆ ಹಾಕಿ ಹೊರಡುತ್ತಿದ್ದದ್ದು ನೆನಪಾಯಿತು. ಒಂದು ಆಸೆ. ಮಂಜು ಬಿದ್ದು ಮುಂದಿನ ರಸ್ತೆ ಕಾಣದ ದಿನ ಡ್ರೈವರ್‌ಗಳು ಹೇಗೆ ಓಡಿಸುತ್ತಿದ್ದರು ಅಂತ ನಿಮ್ಮ ತಂದೆಯವರನ್ನು ಕೇಳುತ್ತೀರಾ? ಹುಡುಗನಾಗಿದ್ದಾಗ ಕಿಟಕಿ ಪಕ್ಕ ಕೂತು ಇದನ್ನೇ ಯೋಚಿಸುತ್ತಿದ್ದೆ.

ಘಾಟಿ ಹುಡುಗ, ನಾಲ್ಕು ವಾರದ ನಂತರ:

ಎಲ್ಲರಿಗೂ ಹೇಳಲೇಬೇಕು ಎಂದು ಬರೆಯುತ್ತಿದ್ದೇನೆ.

ಮಿಕ್ಸರ್ ರಿಪೇರಿ ಅವರು ಹೇಳಿದ ಅಡಿಕೆ ಮೂಟೆ ಕೋಣೆಯಲ್ಲಿ ಕೂತು, ಅಕ್ಕ ಹೇಳಿದ ಹಾಗೆ ಬೆಟ್ಟದ ರಸ್ತೆ ಓಡಿಸಿದೆ. ಅಪ್ಪಯ್ಯ ಪಕ್ಕದಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದರು. ರೆಕಾರ್ಡ್ ಆಗುತ್ತಿದೆ ಅಂದೆ. "ನಂಗೆಂತ, ನಾನು ಮಾತಾಡಲ್ಲ" ಅಂದರು. ಮೂರನೇ ತಿರುವಿಗೆ "ಎಂತ ಮಾಡ್ತೀಯ ಮಾರಾಯ, ಗೇರ್ ಇಳಿಸು" ಅಂದರು. ಆಮೇಲೆ ನಿಲ್ಲಿಸಲೇ ಇಲ್ಲ. ಎದುರಿಂದ ಹತ್ತಿ ಬರುವ ಗಾಡಿಗೆ ದಾರಿ ಬಿಡಬೇಕು, ಅದು ನಿಂತರೆ ಮತ್ತೆ ಎತ್ತುವುದು ಕಷ್ಟ. ತಿರುವಿಗೆ ಮೊದಲೇ ಹಾರ್ನ್, ತಿರುವಿನಲ್ಲಿ ಅಲ್ಲ. ಬ್ರೇಕ್ ಪದೇ ಪದೇ ತುಳಿದರೆ ಬ್ರೇಕಿಗೆ ಬೇಕಾದ ಏರ್ ಕಡಿಮೆಯಾಗುತ್ತದೆ, ಮೀಟರಿನ ಮೇಲೆ ಒಂದು ಕಣ್ಣಿರಬೇಕು. ಗೇಮಿನಲ್ಲೂ ಏರ್ ಪ್ರೆಶರ್ ಇದೆ ಎಂದು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಂದು ನೋಡಿದರು.

11 ನಿಮಿಷಕ್ಕೆ ಕತ್ತರಿಸಿದೆ. ಅವರಿಗೆ ಪೂರ್ತಿ ತೋರಿಸಿದೆ. ಒಂದು ಕಡೆ ಹಳೆಯ ಓನರ್ ಬಗ್ಗೆ ಹೇಳಿದ್ದರು, ಅದು ಬೇಡ ಅಂದರು, ತೆಗೆದೆ.

ಇವತ್ತಿಗೆ 1,930 ವ್ಯೂ. ಸರಾಸರಿ 5 ನಿಮಿಷ 20 ಸೆಕೆಂಡ್ ನೋಡಿದ್ದಾರೆ. ಸಬ್‌ಸ್ಕ್ರೈಬರ್ 371. ಕಾಮೆಂಟ್ 46! ಅದರಲ್ಲಿ ಒಬ್ಬರು, ಸಿದ್ದಾಪುರದವರು, ದನಿ ಕೇಳಿಯೇ ಅಪ್ಪಯ್ಯನನ್ನು ಗುರುತು ಹಿಡಿದಿದ್ದಾರೆ. ಕಾಲೇಜಿಗೆ ಹೋಗುವಾಗ ತಡವಾದರೆ ಇವರಿಗಾಗಿ ಎರಡು ನಿಮಿಷ ಬಸ್ ನಿಲ್ಲಿಸುತ್ತಿದ್ದರಂತೆ. ಅಪ್ಪಯ್ಯನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಆ ಹುಡುಗಿ ಹೊಸಂಗಡಿಯಲ್ಲಿ ಹತ್ತುತ್ತಿದ್ದಳು" ಅಂದರು.

ರಾತ್ರಿ ಬಸ್ ಅವರೇ, ಮಂಜಿನ ಪ್ರಶ್ನೆ ಕೇಳಿದೆ. ಉತ್ತರ ಇಲ್ಲಿ ಬರೆಯುವುದಿಲ್ಲ. ಅವರೇ ಹೇಳುತ್ತಾರಂತೆ, ನಾಳೆ ರಾತ್ರಿ ರೆಕಾರ್ಡ್.

ಅಕ್ಕಾ, ಒಂದು ಸಣ್ಣ ಮೈಕ್ ತಂದಿದ್ದೇನೆ. ಇಬ್ಬರಿಗೂ ಬೇರೆ ಬೇರೆ ಬೇಕಾ, ಒಂದನ್ನೇ ನಡುವೆ ಇಡಲಾ?

ಹೆಂಚಿನ ಮನೆ:

ಒಂದೇ ಸಾಕು ತಮ್ಮಾ. ಅಪ್ಪಯ್ಯನ ಕಡೆ ತಿರುಗಿಸಿ ಇಡು.